ಬ್ರೇಕಿನ ಮೇಲಣ ಪಾದ

ಸುಗ್ಗಿಯ ಕಾಲದಲ್ಲಿ ಮಧುಗಿರಿಯಿಂದ ಹೊರಟು ಕೊಡಿಗೇನಹಳ್ಳಿಯನ್ನು ಹಾಯ್ದು ಆಂಧ್ರದ ಹಿಂದೂಪುರದ ಕಡೆಗೆ ವಾಹನ ನಡೆಸಿದವರು ಆ ದಾರಿಯ ಸ್ವಭಾವವನ್ನು ಬಲ್ಲರು. ಟಾರು ರಸ್ತೆಯ ಒಂದು ಪಕ್ಕವನ್ನು ಆವರಿಸಿಕೊಂಡು ರಾಗಿಯ ತೆನೆಯೋ ಹುರುಳಿಯ ಗಿಡವೋ ಹಾಸಿರುತ್ತದೆ. ಹೋಗಿ ಬರುವ ಬಸ್ಸು ಲಾರಿಗಳ ಚಕ್ರಗಳೇ ಅಲ್ಲಿ ರೋಣಗಲ್ಲಿನ ಕೆಲಸವನ್ನು ಮಾಡುತ್ತವೆ. ಒಂದು ವಾಹನ ದಾಟಿ ಮತ್ತೊಂದು ಬರುವ ನಡುವಣ ಅರೆಗಳಿಗೆಯಲ್ಲಿ ಹೆಂಗಸರು ಮುಂದೆ ಬಂದು ಹುಲ್ಲನ್ನು ತಿರುವಿಹಾಕಿ ಮತ್ತೆ ಅಂಚಿಗೆ ಸರಿಯುತ್ತಾರೆ. ಅದೇ ಹೊತ್ತಿಗೆ ಹಳ್ಳದ ಕಡೆಯಿಂದ ಕುರಿಯ ಮಂದೆಯೊಂದು ರಸ್ತೆಗೆ ಏರಿ ಬರುವುದೂ, ಮೈದನಹಳ್ಳಿಯ ಹುಲ್ಲುಗಾವಲಿನ ಆಸುಪಾಸಿನಲ್ಲಾದರೆ ಕೃಷ್ಣಮೃಗವೊಂದು ನೆಗೆದು ದಾಟುವುದೂ ಉಂಟು. ಇಂತಹ ದಾರಿಯಲ್ಲಿ ವಾಹನವನ್ನು ಮುಂದಕ್ಕೆ ನಡೆಸುವ ಶಕ್ತಿಗಿಂತ ನಿಲ್ಲಿಸುವ ಶಕ್ತಿಯೇ ದೊಡ್ಡದು. ಆ ಶಕ್ತಿಯಿರುವುದು ಚಾಲಕನ ಬಲಪಾದದಲ್ಲಿ; ಆ ಪಾದವನ್ನು ಆಡಿಸುವ ಬಲವಿರುವುದು ಅವನ ಸೊಂಟದ ಕೀಲಿನಲ್ಲಿ.

ಆ ಕೀಲು ಸವೆದುಹೋಗಿ, ಅದನ್ನು ತೆಗೆಸಿ, ಕೃತಕವಾದ ಕೀಲನ್ನು ಕೂರಿಸಿಕೊಂಡು ಬಂದವರು ಈಗ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿಯೂ ಕಾಣಸಿಗುತ್ತಾರೆ. ‘ಬಾಲ್ ಚೇಂಜ್ ಮಾಡಿಸಿದ್ದಾರೆ’ ಎಂದು ಜನ ಆಡಿಕೊಳ್ಳುವುದು ಈ ಶಸ್ತ್ರಚಿಕಿತ್ಸೆಯನ್ನೇ. ವಾಕರ್ ಹಿಡಿದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿಯೇ ಇವರಲ್ಲಿ ಅನೇಕರು ವೈದ್ಯರನ್ನು ಕೇಳುವ ಪ್ರಶ್ನೆ ಒಂದುಂಟು: ‘ಗಾಡಿ ಯಾವಾಗ ಓಡಿಸಬಹುದು?’ ಪಟ್ಟಣದವರಿಗೆ ಇದು ಅವಸರದ ಪ್ರಶ್ನೆಯಾಗಿ ತೋರಬಹುದು. ಆದರೆ ರೈಲು ಹತ್ತಬೇಕಾದರೆ ಹಿಂದೂಪುರಕ್ಕೋ ಗೌರಿಬಿದನೂರಿಗೋ ಹೋಗಬೇಕಾದ, ದೊಡ್ಡ ಆಸ್ಪತ್ರೆಗೆ ತುಮಕೂರನ್ನೋ ಬೆಂಗಳೂರನ್ನೋ ನೆಚ್ಚಬೇಕಾದ, ಕತ್ತಲಾದ ಮೇಲೆ ಬಸ್ಸು ವಿರಳವಾಗುವ ಸೀಮೆಯಲ್ಲಿ ವಾಹನವೆಂಬುದು ಭೋಗದ ವಸ್ತುವಲ್ಲ; ಹೊಲಕ್ಕೆ ಗೊಬ್ಬರ ತರುವುದು, ಹುಣಸೆಯನ್ನೂ ಕಡಲೆಕಾಯನ್ನೂ ಮಾರುಕಟ್ಟೆಗೆ ಒಯ್ಯುವುದು, ಮಕ್ಕಳನ್ನು ಶಾಲೆಗೆ ಬಿಡುವುದು ಎಲ್ಲವೂ ಅದರ ಮೇಲೆಯೇ ನಡೆಯತಕ್ಕದ್ದು. ಆದುದರಿಂದ ಆ ಪ್ರಶ್ನೆಗೆ ಗೌರವದ ಉತ್ತರ ದೊರೆಯಬೇಕು. ಉತ್ತರವನ್ನು ಮೊದಲೇ ಹೇಳಿಬಿಡುವುದಾದರೆ ಇಷ್ಟು: ಪಂಚಾಂಗದ ದಿನವನ್ನೆಣಿಸಿಯಾಗಲಿ ನೋವು ಕಡಮೆಯಾದುದನ್ನು ಕಂಡಾಗಲಿ ಅದನ್ನು ನಿರ್ಣಯಿಸಲಾಗದು, ಅನ್ಯರ ಪ್ರಾಣಕ್ಕೋಸ್ಕರ ಕಾಲು ಕ್ಷಣಾರ್ಧದಲ್ಲಿ ಬ್ರೇಕನ್ನು ಪೂರ್ಣಬಲದಿಂದ ಒತ್ತಬಲ್ಲುದಾದ ದಿನವೇ ವಾಹನ ನಡೆಸಲು ತಕ್ಕ ದಿನ.

ಇದು ಏಕೆ ಹೀಗೆಂಬುದನ್ನು ತಿಳಿಯಬೇಕಾದರೆ ಆ ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ನಮ್ಮ ಮನೆಗಳ ಒರಳುಕಲ್ಲನ್ನು ನೆನೆದರೆ ಸಾಕು: ಗುಳಿಯಾದ ಒರಳು, ಅದರೊಳಗೆ ಎತ್ತೆತ್ತಲೂ ಹೊರಳುವ ಗುಂಡು. ಕಟಿಯ ಮೂಳೆಯಲ್ಲಿ ಬಟ್ಟಲಿನಂತಹ ಕುಳಿಯೊಂದಿದೆ. ತೊಡೆಯ ಮೂಳೆಯ ಮೇಲ್ತುದಿಯ ಗುಂಡು ಆ ಕುಳಿಯಲ್ಲಿ ಕುಳಿತು, ಮುಂದೆ ಹಿಂದೆ, ಒಳಗೆ ಹೊರಗೆ, ಸುತ್ತಲೂ ತಿರುಗುತ್ತದೆ. ಎರಡರ ನಡುವೆ ನುಣುಪಾದ ಮೃದ್ವಸ್ಥಿಯ ಲೇಪವಿದ್ದು, ಘರ್ಷಣೆ ಉಂಟಾಗದಂತೆ ಕಾಪಾಡುತ್ತದೆ. ಒಂದೇ ಕಾಲಿನ ಮೇಲೆ ನಿಂತಾಗ, ಹೆಜ್ಜೆಯಿಟ್ಟು ನಡೆಯುವಾಗ, ಈ ಪುಟ್ಟ ಗುಂಡಿನ ಮೇಲೆ ಬೀಳುವ ಭಾರ ಮನುಷ್ಯನ ತೂಕದ ಸುಮಾರು ಎರಡೂವರೆಯಿಂದ ಮೂರು ಪಟ್ಟಿನಷ್ಟು. ಲೇಪ ಸವೆದರೆ ಮೂಳೆಗೆ ಮೂಳೆ ಉಜ್ಜತೊಡಗುತ್ತದೆ. ಆಗ ತೊಡೆಯ ಸಂದಿನಿಂದ ಹೊರಟ ನೋವು ಮೊಣಕಾಲಿನವರೆಗೂ ಇಳಿದು, ನಿದ್ರೆಯನ್ನೂ ನಡಿಗೆಯನ್ನೂ ಕಸಿದುಕೊಳ್ಳುತ್ತದೆ.

ಕೀಲು ಹೀಗೆ ಕೆಡುವುದಕ್ಕೆ ಕಾರಣಗಳು ಹಲವು. ಮುಪ್ಪಿನ ಸಂಧಿವಾತ ಒಂದು. ಬಚ್ಚಲಿನಲ್ಲಿಯೋ ಹೊಲದ ಬದುವಿನಲ್ಲಿಯೋ ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿಯುವುದು ಇನ್ನೊಂದು. ಆದರೆ ನಮ್ಮ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಗೆ ಪ್ರಮುಖವಾದ ಕಾರಣಗಳಲ್ಲೊಂದು ಮೂಳೆಯ ಗುಂಡಿಗೆ ರಕ್ತಸಂಚಾರ ನಿಂತುಹೋಗಿ ಅದು ಒಳಗೊಳಗೇ ಸಾಯುವ ರೋಗ. ಅತಿಯಾದ ಮದ್ಯಪಾನದಿಂದಲೂ, ದೀರ್ಘಕಾಲ ಸ್ಟೆರಾಯ್ಡ್ ಔಷಧಗಳನ್ನು ಸೇವಿಸಿದುದರಿಂದಲೂ ಅದು ಬರುವುದುಂಟು, ಯಾವ ಕಾರಣವೂ ಕಾಣದೆ ಬರುವುದೂ ಉಂಟು. ಇದು ಹೆಚ್ಚಾಗಿ ಹಿಡಿಯುವುದು ಮೂವತ್ತರಿಂದ ಐವತ್ತರ ಹರೆಯದವರನ್ನು. ಎಂದರೆ ಸಂಸಾರದ ಭಾರವನ್ನು ಹೊತ್ತವರನ್ನು; ಆಟೋ, ಲಾರಿ, ಟ್ರ್ಯಾಕ್ಟರುಗಳ ಮೇಲೆ ಜೀವನ ಸಾಗಿಸುವವರೂ ಅವರಲ್ಲಿ ಉಂಟು. ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದು ಎಲ್ಲರಿಗೂ ತಿಳಿದ ಸಂಗತಿ. ಬಹುಕಾಲ ಅಂತಹ ನೀರನ್ನು ಕುಡಿದವರ ಬೆನ್ನೂ ಕತ್ತೂ ಕೀಲುಗಳೂ ಬಿಗಿದುಕೊಳ್ಳುವುದರಿಂದ, ಸೊಂಟದ ಕೀಲನ್ನು ಬದಲಿಸಿಕೊಂಡ ಮೇಲೆಯೂ ಕತ್ತನ್ನು ತಿರುಗಿಸಿ ಹಿಂದೆ ಬರುವ ವಾಹನವನ್ನು ನೋಡಲು ಕಷ್ಟವಾಗುವುದುಂಟು. ಚಾಲಕನಾಗತಕ್ಕವನು ತನ್ನ ವೈದ್ಯರಿಗೆ ಈ ಸಂಗತಿಯನ್ನೂ ಹೇಳಬೇಕು.

ಮುರಿದ ಮೂಳೆಯನ್ನೂ ಜಾರಿದ ಕೀಲನ್ನೂ ಬೇರೆಬೇರೆಯಾಗಿ ವಿಂಗಡಿಸಿ ವಿವರಿಸಿದ ಸುಶ್ರುತಸಂಹಿತೆಯ ಕಾಲದಿಂದಲೂ ನಮ್ಮ ವೈದ್ಯರು ಕೀಲುಗಳ ಚಿಕಿತ್ಸೆಯನ್ನು ಬಲ್ಲವರು. ಆದರೆ ಸವೆದ ಕೀಲನ್ನೇ ತೆಗೆದು ಹೊಸದನ್ನು ಇಡುವ ವಿದ್ಯೆ ಈಚಿನದು. 1891ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ಎಂಬ ವೈದ್ಯರು ದಂತದಿಂದ ಕೀಲನ್ನು ಮಾಡಿ ಪ್ರಯೋಗಿಸಿದರು. ಈ ವಿದ್ಯೆ ಸಾಮಾನ್ಯರಿಗೆ ಎಟುಕುವಂತಾದುದು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯವರಿಂದ. ಬಟ್ಟಲಿಗೆ ಮೊದಲು ಅವರು ಆರಿಸಿದ ಟೆಫ್ಲಾನ್ ಬೇಗನೆ ಸವೆದು ಪ್ರಯೋಗ ವಿಫಲವಾಯಿತು. ಆ ಪ್ರದೇಶದ ನೇಯ್ಗೆಯ ಯಂತ್ರಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಗಟ್ಟಿಯಾದ ಪಾಲಿಥೀನ್ ಅನಂತರ ಅವರ ಕಣ್ಣಿಗೆ ಬಿದ್ದು, 1962ರ ನವೆಂಬರಿನಲ್ಲಿ ಅದರ ಬಟ್ಟಲನ್ನೂ ಸ್ಟೀಲಿನ ಗುಂಡನ್ನೂ ಜೋಡಿಸಿ, ಹಲ್ಲಿನ ವೈದ್ಯರು ಉಪಯೋಗಿಸುತ್ತಿದ್ದ ಅಕ್ರಿಲಿಕ್ ಅಂಟನ್ನೇ ಮೂಳೆಯ ಸಿಮೆಂಟಾಗಿ ಬಳಸಿ ಅವರು ಮಾಡಿದ ಶಸ್ತ್ರಚಿಕಿತ್ಸೆ ಇಂದಿನ ಎಲ್ಲ ಕೃತಕ ಕೀಲುಗಳಿಗೂ ಮಾತೃಕೆಯಾಯಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ 2007ರಲ್ಲಿ ಇದನ್ನು ಶತಮಾನದ ಶಸ್ತ್ರಚಿಕಿತ್ಸೆ ಎಂದು ಕರೆಯಿತು. ಅದೇ ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಂತಹ ನೂರು ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಬಡಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ನೀಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದ ಮೇಲೆ ಒಮ್ಮೆ ಶ್ರೀಮಂತರದೆಂದು ತೋರುತ್ತಿದ್ದ ಈ ಚಿಕಿತ್ಸೆ ಹಳ್ಳಿಯ ಬಾಗಿಲಿಗೂ ಹತ್ತಿರವಾಗಿದೆ.

ಆದರೆ ಲೋಹದ ಕೀಲು ಕುಳಿತ ಮಾತ್ರಕ್ಕೆ ಕಾಲು ಹಿಂದಿನಂತಾಗದು. ಕೀಲನ್ನು ತಲುಪುವುದಕ್ಕಾಗಿ ಶಸ್ತ್ರವೈದ್ಯರು ಹಿಂಬದಿಯಿಂದಲೋ ಪಕ್ಕದಿಂದಲೋ ಮುಂಬದಿಯಿಂದಲೋ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಆ ದಾರಿಯಲ್ಲಿ ಕೆಲವು ಸ್ನಾಯುಗಳನ್ನು ಸರಿಸಬೇಕು, ಕೆಲವನ್ನು ಬಿಡಿಸಿ ಮತ್ತೆ ಹೊಲಿಯಬೇಕು. ಹೊಲಿದುದು ಕೂಡಿಕೊಳ್ಳಬೇಕು, ಸಿಮೆಂಟಿಲ್ಲದೆ ಕೂರಿಸಿದ ಲೋಹದ ಒರಟು ಮೈಯೊಳಗೆ ಮೂಳೆ ಬೆಳೆದು ಬೇರೂರಬೇಕು, ವರ್ಷಗಟ್ಟಲೆ ನೋವಿಗೆ ಹೆದರಿ ಕುಂಟುತ್ತ ಬಲಗುಂದಿದ ತೊಡೆ ಮತ್ತೆ ಪುಷ್ಟಿಯಾಗಬೇಕು. ಇದಕ್ಕೆಲ್ಲ ವಾರಗಳು ಬೇಕು. ಈ ಅವಧಿಯಲ್ಲಿ, ಮುಖ್ಯವಾಗಿ ಹಿಂಬದಿಯಿಂದ ಶಸ್ತ್ರಚಿಕಿತ್ಸೆಯಾದವರಿಗೆ, ಮೂರು ನಿಷೇಧಗಳನ್ನು ವೈದ್ಯರು ವಿಧಿಸುವುದು ವಾಡಿಕೆ: ಸೊಂಟವನ್ನು ಲಂಬಕೋನಕ್ಕಿಂತ ಹೆಚ್ಚಾಗಿ ಬಗ್ಗಿಸಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಮುಖವಾಗಿ ತಿರುಗಿಸಬಾರದು. ಈ ಮೂರೂ ಒಂದೇ ಸಲ ಕೂಡಿಬಂದರೆ ಗುಂಡು ಬಟ್ಟಲಿನಿಂದ ಹಿಂದಕ್ಕೆ ಜಾರಿಬಿಡುವ ಅಪಾಯವಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವುದನ್ನೂ, ಕುಕ್ಕರಗಾಲಿನಲ್ಲಿ ಕೂರುವುದನ್ನೂ ಬಿಟ್ಟು, ಕುರ್ಚಿ ಕಮೋಡುಗಳನ್ನು ಆಶ್ರಯಿಸಬೇಕೆನ್ನುವುದು ಇದೇ ಕಾರಣದಿಂದ.

ಈಗ ಕಾರಿನೊಳಗೆ ಕುಳಿತ ಚಾಲಕನ ಬಲಗಾಲನ್ನು ಹತ್ತಿರದಿಂದ ನೋಡಿರಿ. ಆಕ್ಸಿಲರೇಟರು ಬಲಕ್ಕಿದೆ, ಬ್ರೇಕು ಅದರ ಎಡಕ್ಕಿದೆ. ಮುಂದೆ ಮಗುವೊಂದು ಓಡಿಬಂತು. ಕಣ್ಣು ಕಂಡಿತು, ಮನಸ್ಸು ಆಜ್ಞೆಯಿತ್ತಿತು. ಪಾದ ಮೇಲೆದ್ದು ಎಡಕ್ಕೆ ಸರಿಯಿತು, ಇಲ್ಲವೇ ಹಿಮ್ಮಡಿಯನ್ನು ಊರಿಕೊಂಡೇ ಬೆರಳುಗಳ ಕಡೆ ಒಳಕ್ಕೆ ತಿರುಗಿತು. ಬಳಿಕ ಇಡೀ ಕಾಲು ಚಾಚಿ ಬ್ರೇಕನ್ನು ಅದುಮಿತು. ಸೊಂಟ ಬಗ್ಗಿರುವಾಗ ಕಾಲನ್ನು ಒಳಗೆ ಸರಿಸುವುದು, ಒಳಗೆ ತಿರುಗಿಸುವುದು ಎಂದರೆ, ಅಳತೆ ಸಣ್ಣದಾದರೂ, ವೈದ್ಯರು ನಿಷೇಧಿಸಿದ ಚಲನೆಯ ದಿಕ್ಕೇ ಅದು. ಹೊಸ ಕೀಲಿನವನ ಶರೀರ ಆ ದಿಕ್ಕಿನಲ್ಲಿ ಅರಿವಿಲ್ಲದೆಯೇ ಹಿಂಜರಿಯುತ್ತದೆ. ಅವನಿಗೆ ನೋವಾಗದಿರಬಹುದು, ಹಿಂಜರಿದುದು ಅವನಿಗೆ ತಿಳಿಯದೆಯೂ ಇರಬಹುದು. ಆದರೆ ಆ ಹಿಂಜರಿಕೆಯ ಕ್ಷಣದಲ್ಲಿ ಚಕ್ರ ಮಾತ್ರ ಉರುಳುತ್ತಲೇ ಇರುತ್ತದೆ.

ಎಷ್ಟು ಉರುಳುತ್ತದೆಂಬುದನ್ನು ಶಾಲೆಯ ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ 16 ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ. ಕಾಲು ಬ್ರೇಕನ್ನು ಮುಟ್ಟುವುದು ಎಂದಿನದಕ್ಕಿಂತ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ತಡವಾಯಿತೆಂದು ಎಣಿಸಿದರೆ, ಬ್ರೇಕು ಹಿಡಿಯುವ ಮೊದಲೇ ವಾಹನ 5 ಮೀಟರು ಮುಂದೆ ಹೋಗಿರುತ್ತದೆ. ಅದು ಸಣ್ಣ ಕಾರಿನ ಉದ್ದಕ್ಕಿಂತಲೂ ಹೆಚ್ಚು. ರಾಗಿಯ ಹುಲ್ಲಿನ ಮೇಲೆ ಟಯರು ಜಾರುವ ದೂರ ಅದಕ್ಕೆ ಬೇರೆ ಸೇರುತ್ತದೆ. ನಡೆಯುವಾಗ ಕಾಲು ತಡವರಿಸಿದರೆ ಬೀಳುವವನು ತಾನೊಬ್ಬನೇ. ಚಕ್ರದ ಹಿಂದೆ ಕುಳಿತಾಗ ತಡವರಿಸಿದರೆ ಬೀಳುವವರು ಬೇರೆ ಯಾರೋ. ನಡೆಯಲು ಬಂದಿತೆಂದ ಮಾತ್ರಕ್ಕೆ ವಾಹನ ನಡೆಸಲು ಬಂದಿತೆಂದು ತಿಳಿಯಲಾಗದಿರುವುದು ಈ ಒಂದು ಭೇದದಿಂದ.

ಹಾಗಾದರೆ ಎಷ್ಟು ಕಾಲ ಕಾಯಬೇಕು? ಇದನ್ನು ಅಳೆದು ನೋಡಿದ ವೈದ್ಯರುಂಟು. ನಮ್ಮಂತೆಯೇ ಚಾಲಕ ಬಲಗಡೆ ಕೂರುವ ಬ್ರಿಟನ್ನಿನಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆಯೂ ಅನಂತರವೂ ರೋಗಿಗಳು ಬ್ರೇಕು ಒತ್ತುವ ವೇಗವನ್ನು ಯಂತ್ರದಿಂದ ಅಳೆದು 1988ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರ ಸಲಹೆ ಸುಮಾರು 8 ವಾರಗಳು. ಆ ಮೇಲೆ ಶಸ್ತ್ರಕ್ರಿಯೆಯ ಗಾಯ ಕಿರಿದಾದಂತೆಲ್ಲ, ರೋಗಿಗಳನ್ನು ಬೇಗ ಎಬ್ಬಿಸಿ ನಡೆಸುವ ಪದ್ಧತಿ ಬೆಳೆದಂತೆಲ್ಲ, 4 ವಾರಗಳಲ್ಲಿ, ಕೆಲವರಲ್ಲಿ ಇನ್ನೂ ಮುಂಚೆಯೇ, ವೇಗ ಮರಳುತ್ತದೆಂದು ಬೇರೆ ಪರೀಕ್ಷೆಗಳು ತೋರಿಸಿವೆ. ಇವೆಲ್ಲವನ್ನೂ ತೂಗಿ ನೋಡಿ ವೈದ್ಯರು ಸಾಮಾನ್ಯವಾಗಿ ಹೇಳುವುದು 6 ವಾರಗಳೆಂದು. ಬಲಗಡೆಯ ಕೀಲು ಬದಲಾದವರಿಗೆ ಬ್ರೇಕೂ ಆಕ್ಸಿಲರೇಟರೂ ಆ ಕಾಲಿನ ಪಾಲಿನವೇ ಆದುದರಿಂದ ಅದಕ್ಕಿಂತ ಮುಂಚೆ ಆತುರ ಸಲ್ಲದು. ಎಡಗಡೆಯ ಕೀಲು ಬದಲಾಗಿದ್ದು, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು ಇದ್ದರೆ ವೈದ್ಯರು ಕೆಲವು ವಾರ ಮುಂಚೆಯೇ ಅನುಮತಿ ಕೊಡುವುದುಂಟು. ಆದರೆ ನಮ್ಮ ಕಡೆಯ ಹೆಚ್ಚಿನ ಕಾರುಗಳು ಗೇರಿನವು. ಹಳ್ಳಿಯ ದಾರಿಯಲ್ಲಿ, ಅಡಿಗಡಿಗೂ ಬರುವ ಹಂಪುಗಳಲ್ಲಿ, ಎಡಗಾಲು ಕ್ಲಚ್ಚನ್ನು ಎಷ್ಟು ಸಲ ತುಳಿಯಬೇಕಾಗುವುದೆಂಬುದನ್ನು ಎಣಿಸಿ ನೋಡಿದರೆ ಎಡಗಾಲಿನವರೂ ಅವಸರಪಡಬಾರದೆಂಬುದು ಮನವರಿಕೆಯಾದೀತು. ಎರಡೂ ಕೀಲುಗಳು ಬದಲಾದವರಿಗೆ, ಎರಡನೆಯ ಸಲ ಶಸ್ತ್ರಚಿಕಿತ್ಸೆಯಾದವರಿಗೆ, ಬಿದ್ದು ಮೂಳೆ ಮುರಿದು ಕೀಲು ಹಾಕಿಸಿಕೊಂಡ ವೃದ್ಧರಿಗೆ ಈ ಗಡುವು ಇನ್ನೂ ದೀರ್ಘ.

ಮೊದಲು ಬಹುಮಂದಿ ಕಾರಿನಲ್ಲಿ ಪ್ರಯಾಣಿಕರಾಗಿಯೇ ಹೋಗುತ್ತಾರೆ. ಅದಕ್ಕೂ ಒಂದು ಕ್ರಮವುಂಟು, ಚಾಲಕನಾದ ಮೇಲೆಯೂ ಅದೇ ಕ್ರಮ ಸಲ್ಲುತ್ತದೆ. ಕಾರನ್ನು ಚರಂಡಿಯ ಪಕ್ಕದಲ್ಲಿ, ಎತ್ತರದ ಕಲ್ಲಿನ ಪಕ್ಕದಲ್ಲಿ ನಿಲ್ಲಿಸದೆ ಸಮನೆಲದಲ್ಲಿ ನಿಲ್ಲಿಸತಕ್ಕದ್ದು. ಸೀಟನ್ನು ಸಾಧ್ಯವಾದಷ್ಟೂ ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪ ಒರಗಿಸಿ, ಸೀಟಿನ ಮೇಲೆ ಗಟ್ಟಿಯಾದ ದಿಂಬಿಟ್ಟು ಅದರ ಮೇಲೆ ನುಣುಪಾದ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಬಾಗಿಲಿಗೆ ಬೆನ್ನುಮಾಡಿ ಹಿಂದಕ್ಕೆ ಸರಿದು, ಸೀಟಿನ ಅಂಚು ತೊಡೆಗೆ ತಾಗಿತೆಂದು ತಿಳಿದ ಮೇಲೆ, ಶಸ್ತ್ರಚಿಕಿತ್ಸೆಯಾದ ಕಾಲನ್ನು ಮುಂದಕ್ಕೆ ಚಾಚಿಕೊಂಡೇ ಮೆಲ್ಲನೆ ಕೂರಬೇಕು. ಕುಳಿತು ನೆಲೆಯಾದ ಮೇಲೆ ಎರಡು ಕಾಲುಗಳನ್ನೂ ಜೊತೆಯಾಗಿ, ಮೈಯೂ ಕಾಲೂ ಒಂದೇ ಹಲಗೆಯೋ ಎಂಬಂತೆ ಒಳಕ್ಕೆ ತಿರುಗಿಸಬೇಕು. ಪ್ಲಾಸ್ಟಿಕ್ ಹಾಳೆ ಆಗ ಜಾರುವುದನ್ನು ಸುಲಭಗೊಳಿಸುತ್ತದೆ. ಚಾಲಕನು ಹೊರಡುವ ಮುನ್ನ ಆ ಹಾಳೆಯನ್ನು ತೆಗೆದುಬಿಡಬೇಕು, ಇಲ್ಲವಾದರೆ ಬ್ರೇಕು ಒತ್ತಿದಾಗ ಮೈ ಮುಂದಕ್ಕೆ ಜಾರೀತು. ದಿಂಬಿನ ಪ್ರಯೋಜನ ಮಂಡಿ ಸೊಂಟಕ್ಕಿಂತ ಮೇಲಾಗದಂತೆ ನೋಡಿಕೊಳ್ಳುವುದು. ಕೆಳಗಿನ ಸೀಟಿನ ಕಾರಿಗಿಂತ ಸ್ವಲ್ಪ ಎತ್ತರದ ಸೀಟಿನ ಗಾಡಿ ಹೊಸ ಕೀಲಿನವರಿಗೆ ಹಿತ.

ಕಾರಿನ ಮಾತು ಹೀಗಾದರೆ ನಮ್ಮ ಸೀಮೆಯ ನಿಜವಾದ ವಾಹನವಾದ ದ್ವಿಚಕ್ರದ ಮಾತು ಬೇರೆ. ಮೋಟಾರುಸೈಕಲ್ಲನ್ನು ಏರುವುದೆಂದರೆ ಒಂದು ಕಾಲಿನ ಮೇಲೆ ಪೂರ್ಣಭಾರವಿಟ್ಟು ಮತ್ತೊಂದನ್ನು ಬೀಸಿ ದಾಟಿಸುವುದು, ಇಳಿಯುವುದೂ ಹಾಗೆಯೇ. ಗಾಡಿ ನಿಂತಾಗ ಅದರ ಭಾರವನ್ನು ಹಿಡಿಯುವುದು ನೆಲಕ್ಕೂರಿದ ಕಾಲು. ಹಿಂದಿನ ಚಕ್ರದ ಬ್ರೇಕು ಬಲಪಾದದ ಕೆಳಗೆ, ಗೇರು ಎಡಪಾದದ ಕೆಳಗೆ. ಹಳೆಯ ಗಾಡಿಯಾದರೆ ಕಿಕ್ ಹೊಡೆಯುವ ಶ್ರಮ ಬೇರೆ. ಇಷ್ಟೆಲ್ಲಕ್ಕೂ ಮೇಲೆ, ಕಾರು ಹಳ್ಳಕ್ಕಿಳಿದರೆ ಮೈ ಕುಲುಕುತ್ತದೆ, ದ್ವಿಚಕ್ರ ಹಳ್ಳಕ್ಕಿಳಿದರೆ ಮನುಷ್ಯ ಬೀಳುತ್ತಾನೆ. ಹೊಸ ಕೀಲಿನ ಪಕ್ಕದ ಮೂಳೆ ಬಿದ್ದ ರಭಸಕ್ಕೆ ಬಿರಿದರೆ ಅದನ್ನು ಸರಿಪಡಿಸುವುದು ಮೊದಲ ಶಸ್ತ್ರಚಿಕಿತ್ಸೆಗಿಂತಲೂ ಕಠಿನ. ಆದುದರಿಂದ ಕಾರಿಗೆ ಹೇಳಿದ ಗಡುವು ಇಲ್ಲಿಗೆ ಸಾಲದು. ಎರಡು ಮೂರು ತಿಂಗಳಾದ ಮೇಲೆ, ವೈದ್ಯರನ್ನು ಪ್ರತ್ಯೇಕವಾಗಿ ಕೇಳಿಯೇ, ಮೊದಲು ಗೇರಿಲ್ಲದ ಸ್ಕೂಟರಿನಿಂದ ತೊಡಗುವುದು ಲೇಸು. ಅದಕ್ಕೆ ಕಾಲು ಬೀಸಿ ಏರಬೇಕಾಗಿಲ್ಲ, ಅದರ ಬ್ರೇಕುಗಳು ಕೈಯಲ್ಲಿರುತ್ತವೆ.

ಹೆಂಗಸರ ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವುದು ನಮ್ಮಲ್ಲಿ ರೂಢಿ. ಹಾಗೆ ಕುಳಿತಾಗ ಸೊಂಟ ತಿರುಚಿಕೊಳ್ಳುತ್ತದೆ, ಒಂದು ಕಾಲು ಮತ್ತೊಂದರತ್ತ ಸರಿಯುತ್ತದೆ, ಹಿಡಿಯಲು ಗಟ್ಟಿಯಾದ ಆಧಾರವೂ ಇರುವುದಿಲ್ಲ. ಆಸ್ಪತ್ರೆಯಿಂದ ಬಂದ ತಾಯಿಯನ್ನು, ಅತ್ತೆಯನ್ನು, ಹೊಲಿಗೆ ಬಿಚ್ಚಿಸಲೆಂದು ಮಗನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗುವುದು ಪ್ರೀತಿಯ ಕೆಲಸವೇ ಆದರೂ ಅಪಾಯದ ಕೆಲಸ. ಆ ದಿನಗಳಲ್ಲಿ ಕಾರನ್ನೇ ಗೊತ್ತುಮಾಡಬೇಕು. ಬಸ್ಸೇ ಗತಿಯಾದರೆ, ಸಹಾಯಕ್ಕೆ ಒಬ್ಬರನ್ನು ಜೊತೆಮಾಡಿಕೊಂಡು, ಮೆಟ್ಟಿಲು ಏರುವಾಗ ಒಳ್ಳೆಯ ಕಾಲನ್ನು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲನ್ನು ಮೊದಲು ಇಡಬೇಕೆಂಬ ಸೂತ್ರವನ್ನು ಮರೆಯಬಾರದು.

ಟ್ರ್ಯಾಕ್ಟರಿನವರಿಗೂ ಒಂದು ಮಾತು. ಅದನ್ನು ಹತ್ತಲು ಕಾಲನ್ನು ಎತ್ತರದ ಮೆಟ್ಟಿಲಿಗೆ ಎತ್ತಬೇಕು, ಅಲ್ಲಿಗೆ ಸೊಂಟ ಲಂಬಕೋನವನ್ನು ಮೀರಿ ಬಗ್ಗುತ್ತದೆ. ಅದರ ಕ್ಲಚ್ಚು ಭಾರದ್ದು. ಉತ್ತ ಹೊಲದ ಹೆಂಟೆಗಳ ಮೇಲಣ ಕುಲುಕಾಟ ನೇರವಾಗಿ ಬೆನ್ನಿಗೂ ಸೊಂಟಕ್ಕೂ ಬಡಿಯುತ್ತದೆ. ಎಡ ಬಲ ಚಕ್ರಗಳಿಗೆ ಬೇರೆಬೇರೆಯಾಗಿರುವ ಅದರ ಎರಡು ಬ್ರೇಕುಗಳನ್ನು ರಸ್ತೆಯಲ್ಲಿ ಜೋಡಿಸಿಯೇ ನಡೆಸಬೇಕೆಂಬುದು ಎಲ್ಲರಿಗೂ ಸಲ್ಲುವ ನಿಯಮ. ಬಲಗುಂದಿದ ಕಾಲಿನವನು ಅದನ್ನು ಮರೆತರೆ ಗಾಡಿ ಒಂದೇ ಕಡೆಗೆ ತಿರುಗಿಬಿಡುತ್ತದೆ. ಆಟೋದಲ್ಲಿ ಕ್ಲಚ್ಚೂ ಗೇರೂ ಕೈಯಲ್ಲಿರುವುದು ನಿಜ, ಆದರೆ ಬ್ರೇಕು ಬಲಪಾದದಲ್ಲಿಯೇ ಇದೆ. ಟ್ರ್ಯಾಕ್ಟರು, ಲಾರಿ, ಬಸ್ಸುಗಳಿಗೆ ಮರಳುವವರು ಮೂರು ತಿಂಗಳವರೆಗಾದರೂ ತಾಳಿ, ಶಸ್ತ್ರವೈದ್ಯರು ಎಕ್ಸ್‌ರೇ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಹತ್ತುವುದು ವಿವೇಕ.

ಕಾಲು ಸಿದ್ಧವಾಗಿದ್ದರೂ ಮನಸ್ಸು ಮಂಕಾಗಿರಬಹುದು. ಶಸ್ತ್ರಚಿಕಿತ್ಸೆಯ ಬಳಿಕ ಕೊಡುವ ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್ ಮೊದಲಾದ ಕೆಲವು ತೂಕಡಿಕೆಯನ್ನೂ ತಲೆತಿರುಗನ್ನೂ ತರುತ್ತವೆ. ಅವುಗಳನ್ನು ನುಂಗುತ್ತಿರುವವರೆಗೆ ಚಕ್ರ ಹಿಡಿಯಕೂಡದು. ರಾತ್ರಿ ನಿದ್ರೆಗೆಂದು ನುಂಗಿದ ಮಾತ್ರೆಯ ಮಂಪರು ಬೆಳಗಿನವರೆಗೂ ಉಳಿಯಬಲ್ಲುದೆಂಬುದನ್ನು ನೆನಪಿನಲ್ಲಿಡಬೇಕು. ಔಷಧದಂಗಡಿಯಲ್ಲಿ ಕೇಳಿ ಕೊಂಡ ಮಾತ್ರೆಯಿಂದ ನೋವನ್ನು ಮುಚ್ಚಿಕೊಂಡು ಗಾಡಿ ಹತ್ತುವುದಂತೂ ಎರಡು ಬಗೆಯ ತಪ್ಪು: ನೋವು ಕೊಡುವ ಎಚ್ಚರಿಕೆಯನ್ನೂ ಅದು ಅಳಿಸುತ್ತದೆ, ತಲೆಯ ಎಚ್ಚರವನ್ನೂ ಅದು ಅಳಿಸುತ್ತದೆ.

ಸಿದ್ಧತೆಯನ್ನು ಪರೀಕ್ಷಿಸಿಕೊಳ್ಳುವ ಬಗೆ ಯಾವ ಯಂತ್ರವನ್ನೂ ಬೇಡುವುದಿಲ್ಲ. ಕೋಲಿಲ್ಲದೆ, ಕುಂಟದೆ, ಮನೆಯ ಮುಂದೆ ಹತ್ತು ನಿಮಿಷ ನಡೆಯಬಲ್ಲೆನೇ ಎಂಬುದು ಮೊದಲ ಪ್ರಶ್ನೆ. ಕುರ್ಚಿಯಲ್ಲಿ ಕುಳಿತು, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗೇಣಿನ ಅಂತರದಲ್ಲಿ ಎರಡು ಗುರುತು ಮಾಡಿ, ಬಲಪಾದವನ್ನು ಒಂದರಿಂದ ಇನ್ನೊಂದಕ್ಕೆ ಹತ್ತು ಸೆಕೆಂಡು ಬಿಡದೆ ಬೇಗಬೇಗನೆ ಇಟ್ಟು ತೆಗೆಯುವುದು ಎರಡನೆಯದು. ಎಡಪಾದ ಮಾಡುವಷ್ಟೇ ಚುರುಕಾಗಿ ಬಲಪಾದವೂ ಮಾಡಬೇಕು, ಕೈಯಿಂದ ತೊಡೆಯನ್ನು ಎತ್ತಿಕೊಡುವ ಅಗತ್ಯ ಬೀಳಬಾರದು. ಮೂರನೆಯದು, ನಿಂತ ಕಾರಿನಲ್ಲಿ ಕೀಲಿಕೈ ತಿರುಗಿಸದೆ ಕುಳಿತು, ಪಕ್ಕದಲ್ಲಿರುವವರು ಥಟ್ಟನೆ ‘ನಿಲ್ಸು!’ ಎಂದು ಕೂಗಿದಾಗ ಬ್ರೇಕನ್ನು ಹಲವು ಸಲ ಪೂರ್ಣಬಲದಿಂದ ಒತ್ತಿ ನೋಡುವುದು. ಹತ್ತನೆಯ ಸಲದ ಒತ್ತು ಮೊದಲನೆಯದರಂತೆಯೇ ಇದ್ದು, ಮುಖ ಕಿವಿಚಿಕೊಳ್ಳದಿದ್ದರೆ ಒಳ್ಳೆಯದು. ಅದಾದ ಮೇಲೆ ಬೆಳಗಿನ ಹೊತ್ತು, ಜನರಿಲ್ಲದ ಬಯಲಿನಲ್ಲಿಯೋ ಊರಾಚೆಯ ಮೈದಾನದಲ್ಲಿಯೋ, ಗಾಡಿ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ನಡೆಸಿ ನಿಲ್ಲಿಸಿ ನೋಡತಕ್ಕದ್ದು. ಈ ಯಾವ ಹಂತದಲ್ಲಿಯೂ ಸಂದೇಹ ಹುಟ್ಟಿದರೆ ಒಂದು ವಾರ ಕಳೆದು ಮತ್ತೆ ಮೊದಲಿನಿಂದ ತೊಡಗಬೇಕು. ಇವು ವೈದ್ಯರ ಮಾತಿಗೆ ಬದಲಲ್ಲ. ಅವರು ಒಪ್ಪಿಗೆ ಕೊಟ್ಟ ಮೇಲೆ ಆ ಒಪ್ಪಿಗೆಗೆ ತಾನು ಅರ್ಹನೇ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಬಗೆಗಳು.

ರಸ್ತೆಗೆ ಇಳಿದ ಮೇಲೆಯೂ ಮೊದಲ ದಿನಗಳಲ್ಲಿ ಊರಿನ ಸುತ್ತಮುತ್ತಲೇ, ಹಗಲಿನಲ್ಲಿಯೇ ನಡೆಸುವುದು ಸಾಕು. ಮಧುಗಿರಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು. ಮೊದಲ ಪ್ರಯಾಣವೇ ಅದಾಗಬೇಕಾಗಿಲ್ಲ. ದೂರ ಹೋಗಲೇಬೇಕಾದಾಗ ಗಂಟೆಗೊಮ್ಮೆ ನಿಲ್ಲಿಸಿ, ಇಳಿದು, ಐದು ನಿಮಿಷ ಅಡ್ಡಾಡಬೇಕು. ಬಹಳ ಹೊತ್ತು ಮಂಡಿ ಮಡಿಸಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಶಸ್ತ್ರಚಿಕಿತ್ಸೆಯ ಅನಂತರದ ಕೆಲವು ವಾರಗಳಲ್ಲಿ ಹೆಚ್ಚು. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ತೊಡೆಯ ಸಂದಿನಲ್ಲಿ ಥಟ್ಟನೆ ನೋವು ಹುಟ್ಟಿ ಕಾಲು ಗಿಡ್ಡವಾದಂತೆ ತೋರಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಬೇರೆಯವರ ಸಹಾಯದಿಂದ ಆಸ್ಪತ್ರೆಯನ್ನು ಸೇರಬೇಕು. ಹೊಟ್ಟೆಯ ಮೇಲೆ ಬಿಗಿಯುತ್ತದೆಂದೋ ಗಾಯಕ್ಕೆ ತಾಗುತ್ತದೆಂದೋ ಸೀಟ್‌ಬೆಲ್ಟನ್ನು ಬಿಡಬಾರದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ತನ್ನ ಕಾಯಿಲೆಯಿಂದಲೋ ಅಂಗದ ದೌರ್ಬಲ್ಯದಿಂದಲೋ ತನ್ನ ಚಾಲನೆ ಸಾರ್ವಜನಿಕರಿಗೆ ಅಪಾಯಕರವಾಗುವುದೆಂದು ಗೊತ್ತಿದ್ದೂ ವಾಹನ ನಡೆಸುವುದು 1988ರ ಮೋಟಾರು ವಾಹನಗಳ ಅಧಿನಿಯಮದ 186ನೆಯ ಪ್ರಕರಣದ ಪ್ರಕಾರ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೆ 1,000 ರೂಪಾಯಿಗಳವರೆಗೆ, ಮತ್ತೆ ಮಾಡಿದರೆ 2,000 ರೂಪಾಯಿಗಳವರೆಗೆ ದಂಡ. ದಂಡ ಅಲ್ಪವೆಂದು ತೋರಿದರೂ ‘ಗೊತ್ತಿದ್ದೂ’ ಎಂಬ ಮಾತಿನ ತೂಕ ಅಲ್ಪವಲ್ಲ. ತನ್ನ ಕಾಲಿನ ಸ್ಥಿತಿ ತನಗಲ್ಲದೆ ಬೇರೆ ಯಾರಿಗೆ ಗೊತ್ತು? ಲೈಸೆನ್ಸಿಗೆ ಕೊಡುವ ದೈಹಿಕ ಅರ್ಹತೆಯ ಘೋಷಣೆಯಲ್ಲಿ ಕೈಕಾಲುಗಳ ಚಲನೆ, ಹಿಡಿತ, ಸ್ನಾಯುಬಲಗಳಲ್ಲಿ ದೋಷವಿದೆಯೇ ಎಂಬ ಪ್ರಶ್ನೆಯೇ ಇದೆ. 55 ವರ್ಷ ದಾಟಿದವರ ಲೈಸೆನ್ಸು 5 ವರ್ಷಕ್ಕೊಮ್ಮೆ ನವೀಕರಣವಾಗುವುದರಿಂದ, ಕೆಎ 64ರ ಮಧುಗಿರಿ ಆರ್‌ಟಿಓ ಕಚೇರಿಗೆ ಹೋದಾಗ ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕಾಗುತ್ತದೆ. ಕೃತಕ ಕೀಲು ಇದ್ದ ಮಾತ್ರಕ್ಕೆ ಲೈಸೆನ್ಸು ತಪ್ಪದು; ಕೀಲು ಚೆನ್ನಾಗಿ ಆಡುತ್ತದೆಂಬ ವೈದ್ಯರ ಪತ್ರವನ್ನು ಬಳಿಯಲ್ಲಿಟ್ಟುಕೊಳ್ಳುವುದು ಮತ್ತು ವಾಹನದ ವಿಮೆಯವರನ್ನು ಒಮ್ಮೆ ವಿಚಾರಿಸುವುದು ಚಾಲಕನಿಗೇ ರಕ್ಷೆ.

ಕಾಯುವ ಈ ಆರು ವಾರಗಳೋ ಮೂರು ತಿಂಗಳೋ ರೋಗಿಯೊಬ್ಬನ ಹೊರೆಯಾಗಬಾರದು. ಆಟೋ ಓಡಿಸುವವನ ಗಾಡಿ ಮನೆಯ ಮುಂದೆ ನಿಂತರೆ ಅಂದಿನ ಒಲೆಯೇ ನಿಲ್ಲುವ ಸಂಸಾರಗಳಿವೆ. ಸಾಲದ ಕಂತಿಗೆ ಹೆದರಿ ನಾಲ್ಕನೆಯ ವಾರಕ್ಕೇ ಗಾಡಿ ಹತ್ತುವವನನ್ನು ಕೇವಲ ಅವಿವೇಕಿಯೆಂದು ಜರೆಯುವುದು ನ್ಯಾಯವಲ್ಲ. ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವಾಗಲೇ, ಸುಗ್ಗಿಯ ಮುಂಚೆಯೋ ಅನಂತರವೋ ಎಂಬುದನ್ನು ಯೋಚಿಸಿ, ಆ ತಿಂಗಳುಗಳಲ್ಲಿ ಗಾಡಿಯನ್ನು ತಮ್ಮನೋ ಭಾವಮೈದುನನೋ ನಡೆಸುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಒಂದು ಗಾಡಿಯಲ್ಲಿ ನಾಲ್ಕು ಮನೆಯವರು ಆಸ್ಪತ್ರೆಗೆ ಹೋಗಿಬರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೀಲು ಬದಲಿಸಿಕೊಂಡವರ ವಿಷಯದಲ್ಲಿಯೂ ಅದೇ ನೆರೆಹೊರೆಯ ಧರ್ಮ ನಡೆಯಲಿ. ವೈದ್ಯರೂ ತಮ್ಮ ಕಡೆಯಿಂದ, ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ, ರೋಗಿ ಯಾವ ವಾಹನ ನಡೆಸುತ್ತಾನೆಂಬುದನ್ನು ಕೇಳಿ ತಿಳಿದು, ಅದನ್ನು ಯಾವಾಗ ನಡೆಸಬಹುದೆಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಬಹಳ ಉಪಕಾರವಾದೀತು.

ಹೊಸ ಕೀಲನ್ನು ಪಡೆದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಕಾಲು ಗುಣವಾಗುತ್ತದೆ. ಬಹುಮಂದಿ ಮತ್ತೆ ವಾಹನ ನಡೆಸುತ್ತಾರೆ, ನೋವಿನಿಂದ ನಡೆಸುತ್ತಿದ್ದ ಹಿಂದಿನ ದಿನಗಳಿಗಿಂತಲೂ ಚೆನ್ನಾಗಿ ನಡೆಸುತ್ತಾರೆ. ವೈದ್ಯರು ಒಪ್ಪಿದ ದಿನ ಚಕ್ರದ ಹಿಂದೆ ಕುಳಿತು ಬ್ರೇಕಿನ ಮೇಲೆ ಪಾದವನ್ನಿಡಿರಿ. ರಸ್ತೆಯಲ್ಲಿ ರಾಗಿಯ ಹುಲ್ಲನ್ನು ತಿರುವಿಹಾಕುತ್ತಿರುವ ಹೆಂಗಸು ನಿಮ್ಮ ತಾಯಿಯೋ ತಂಗಿಯೋ ಎಂದೆಣಿಸಿ, ಆಕೆಗಾಗಿ ಈ ಗಾಡಿಯನ್ನು ಈ ಕ್ಷಣದಲ್ಲಿ ನಿಲ್ಲಿಸಬಲ್ಲೆನೇ ಎಂದು ಕೇಳಿಕೊಳ್ಳಿರಿ. ಹೌದೆಂದು ಕಾಲು ಹೇಳಿದರೆ ಹೊರಡಿರಿ. ಇಲ್ಲವೆಂದರೆ ಇನ್ನೊಂದು ವಾರ ಬಸ್ಸಿನಲ್ಲಿಯೇ ಹೋಗಿಬನ್ನಿರಿ.